ಕಣ್ಗಾವಲು ಬೇರೆ, ಬೇಹುಗಾರಿಕೆ ಬೇರೆ

ಮುಂಬೈಯ ಒಂದು ಕನ್ನಡ ಓದುಕೂಟದ ಆಹ್ವಾನ ಮೊನ್ನೆ ವಾಟ್ಸಾಪಿಗೆ ಬಂತು. ಚರ್ಚೆಗೆ ಇಟ್ಟ ಪುಸ್ತಕ ಜಾರ್ಜ್ ಆರ್ವೆಲ್‌ನ '1984'. ತಲೆಬರಹ 'ಬೇಹುಗಾರಿಕೆಯ ಕರಾಳ ಜಗತ್ತು'. ಅದೇ ಹೊತ್ತಿಗೆ ಡೊಂಬಿವಲಿಯ ನಮ್ಮ ಸೊಸೈಟಿ ಗೇಟಿಗೆ ಕ್ಯಾಮೆರಾ ಹಾಕಿದರು. 'ಇನ್ನು ನಾವೂ ಬಿಗ್ ಬ್ರದರ್ ಕಣ್ಗಾವಲಿನಲ್ಲಿ' ಅಂತ ಕನ್ನಡದ ನೆರೆಯವರೊಬ್ಬರು ಗ್ರೂಪಿನಲ್ಲಿ ಬರೆದರು. ಬಿಗ್ ಬ್ರದರ್ ಅಂದರೆ ಆರ್ವೆಲ್ ಕತೆಯ ಸರ್ವಾಧಿಕಾರಿ. ಕಾದಂಬರಿಗೆ ಬೇಹುಗಾರಿಕೆ, ಗೇಟಿನ ಕ್ಯಾಮೆರಾಕ್ಕೆ ಬಿಗ್ ಬ್ರದರ್! ಪುಸ್ತಕ ಪರಿಚಯಗಳಲ್ಲೂ ಪತ್ರಿಕೆಗಳ ಅಂಕಣಗಳಲ್ಲೂ ಈ ಅದಲುಬದಲು ನೋಡಿ ನೋಡಿ ಸಾಕಾಗಿದೆ. ಡಿಸ್ಟೋಪಿಯಾ ಕತೆಗಳು ಅಂದರೆ ಜನರನ್ನು ಉಸಿರುಗಟ್ಟಿಸುವ ಸರ್ಕಾರ ಇರುವ ಕಲ್ಪನೆಯ ದೇಶಗಳ ಕತೆಗಳು. ಆದರೆ ಆ ಕತೆಗಳ ಸರ್ಕಾರ ಮಾಡುವ ಕೆಲಸಕ್ಕೆ ಬೇಹುಗಾರಿಕೆ ಅಂದುಬಿಟ್ಟರೆ, ಅಲ್ಲಿನ ಭಯ ಎಲ್ಲಿಂದ ಹುಟ್ಟುತ್ತದೆ ಅನ್ನುವುದೇ ತಿಳಿಯದೆ ಹೋಗುತ್ತದೆ.

ಬೇಹು ಹಳೆಯ ಮಾತು. ಗುಟ್ಟಾಗಿ ಹೋಗಿ ಸುದ್ದಿ ತಿಳಿದು ಬರುವುದು ಬೇಹು. ಅಜ್ಞಾತವಾಸದಲ್ಲಿದ್ದ ಪಾಂಡವರನ್ನು ಹುಡುಕಲು ದುರ್ಯೋಧನ ಚರರನ್ನು ಕಳಿಸಿದ, ಅದು ಬೇಹು. ಕೌಟಿಲ್ಯ ತನ್ನ ಗೂಢಪುರುಷರಿಗೆ ಸನ್ಯಾಸಿಯ ವೇಷ, ವ್ಯಾಪಾರಿಯ ವೇಷ, ಒಕ್ಕಲಿಗನ ವೇಷ ಹಾಕಿಸುತ್ತಾನೆ, ಅದೂ ಬೇಹು. ನಮ್ಮ ಅಜ್ಜಿ ಕತೆಗಳ ರಾಜ ರಾತ್ರಿ ಕಂಬಳಿ ಹೊದ್ದು ಊರು ಸುತ್ತುತ್ತಾನಲ್ಲ, ಅವನು ಮಾಡುವುದೂ ಇದನ್ನೇ. ಈ ಎಲ್ಲ ಕತೆಗಳಲ್ಲಿ ಒಂದು ಸಂಗತಿ ತಪ್ಪುವುದಿಲ್ಲ. ನೋಡುವವನು ಯಾರೆಂದು ಎದುರಿನವನಿಗೆ ಗೊತ್ತಿರುವುದಿಲ್ಲ. ಅದಕ್ಕೇ ಜಗಲಿಯಲ್ಲಿ ಕೂತ ರೈತ ರಾಜನ ಎದುರೇ ರಾಜನನ್ನು ಬಾಯಿತುಂಬ ಬೈಯುತ್ತಾನೆ. ರಾಜನಿಗೆ ನಿಜ ಸಿಗುತ್ತದೆ. ಗೊತ್ತಾಗಿಬಿಟ್ಟರೆ ಬೇಹು ಕೆಟ್ಟಿತು ಅಂತಲೇ ಲೆಕ್ಕ.

ಈಗ '1984' ತೆಗೆಯಿರಿ. 1949ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಪುಸ್ತಕ. ಮೊದಲ ಪುಟದಲ್ಲೇ ಗೋಡೆಗೆ ದೊಡ್ಡ ಪೋಸ್ಟರ್ ಅಂಟಿಸಿದೆ. ಬಿಗ್ ಬ್ರದರ್ ನಿನ್ನನ್ನು ನೋಡುತ್ತಿದ್ದಾನೆ ಅಂತ ಅದರಲ್ಲಿ ಬರೆದಿದೆ. ಯಾವ ಗೂಢಚಾರ ತನ್ನ ಫೋಟೋ ಹಾಕಿ, ನಾನು ನಿನ್ನ ಹಿಂದೆ ಇದ್ದೇನೆ ಅಂತ ಮಹಡಿ ಮಹಡಿಗೂ ಅಂಟಿಸುತ್ತಾನೆ? ಆ ಸರ್ಕಾರಕ್ಕೆ ಬೇಕಾದದ್ದು ಸುದ್ದಿ ಆಗಿದ್ದರೆ ಪೋಸ್ಟರ್ ಅಂಟಿಸುವುದು ದಡ್ಡತನ. ಅದಕ್ಕೆ ಬೇಕಾದದ್ದು ಜನ ಬಾಯಿ ಮುಚ್ಚಿಕೊಂಡಿರುವುದು. ಅದಕ್ಕೆ ನೋಡುವುದಕ್ಕಿಂತ, ನೋಡುತ್ತಿದ್ದೇವೆ ಅಂತ ಹೇಳುವುದು ಜಾಸ್ತಿ ಕೆಲಸ ಮಾಡುತ್ತದೆ.

ಕಾದಂಬರಿಯ ನಾಯಕ ವಿನ್‌ಸ್ಟನ್ ಸ್ಮಿತ್‌ನ ಮನೆಯಲ್ಲಿ ಟೆಲಿಸ್ಕ್ರೀನ್, ಅಂದರೆ ಚಿತ್ರ ತೋರಿಸುತ್ತಲೇ ಮನೆಯವರನ್ನೂ ನೋಡುವ ತೆರೆ, ಎದುರಿಗೇ ಇದೆ. ಸದ್ದು ತಗ್ಗಿಸಬಹುದು, ಆರಿಸಲು ಬರುವುದಿಲ್ಲ. ಈ ಹೊತ್ತಿನಲ್ಲಿ ಆ ಕಡೆ ಯಾರಾದರೂ ನೋಡುತ್ತಿದ್ದಾರಾ ಅಂತ ತಿಳಿಯುವ ದಾರಿ ಇಲ್ಲ. ಹಾಗಾಗಿ ಅವನು ಯಾವಾಗಲೂ ನೋಡುತ್ತಿದ್ದಾರೆ ಅಂದುಕೊಂಡೇ ಬದುಕುತ್ತಾನೆ. ತೆರೆಯ ಕಡೆ ತಿರುಗುವ ಮೊದಲು ಮುಖಕ್ಕೆ ತೃಪ್ತಿಯ ಕಳೆ ತಂದುಕೊಳ್ಳುತ್ತಾನೆ. ಡೈರಿ ಬರೆಯಲು ತೆರೆಗೆ ಕಾಣದ ಗೋಡೆಯ ಸಂದಿನಲ್ಲಿ ಕೂರುತ್ತಾನೆ. ಡೈರಿ ಬರೆಯುವುದು ಅಪರಾಧ ಅಂತ ಎಲ್ಲೂ ಬರೆದಿಲ್ಲ, ಆ ದೇಶದಲ್ಲಿ ಕಾನೂನುಗಳೇ ಉಳಿದಿಲ್ಲ. ಸಿಕ್ಕಿಬಿದ್ದರೆ ಸಾವು, ಇಲ್ಲವೇ 25 ವರ್ಷ ಬಲವಂತದ ದುಡಿಮೆಯ ಶಿಬಿರ ಅನ್ನುವುದು ಮಾತ್ರ ಅವನಿಗೆ ಗೊತ್ತು. ಒಂದು ಬೆಳಿಗ್ಗೆ ಕಡ್ಡಾಯದ ವ್ಯಾಯಾಮ ಮಾಡುವಾಗ ತೆರೆಯ ಮೇಲಿನ ಹೆಂಗಸು, 6079 ಸ್ಮಿತ್, ಇನ್ನೂ ಬಗ್ಗು ಅಂತ ಗದರುತ್ತಾಳೆ. ಅಂಥ ಒಂದು ಗದರಿಕೆ ಸಾಕು. ಉಳಿದ ದಿನಗಳನ್ನು ಅವನ ಭಯವೇ ನೋಡಿಕೊಳ್ಳುತ್ತದೆ.

ಕಾದಂಬರಿಯಲ್ಲಿ ಬೇಹುಗಾರಿಕೆ ಇಲ್ಲವೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಇದೆ, ಮತ್ತು ಅದು ಇರುವ ಜಾಗವೇ ನನ್ನ ಮಾತಿಗೆ ಸಾಕ್ಷಿ. ವಿನ್‌ಸ್ಟನ್ ಮತ್ತು ಅವನ ಪ್ರೇಯಸಿ ಜೂಲಿಯಾ ಹಳೇ ಸಾಮಾನಿನ ಅಂಗಡಿಯ ಮೇಲೆ ಒಂದು ಕೋಣೆ ಬಾಡಿಗೆ ಹಿಡಿಯುತ್ತಾರೆ. ಅಲ್ಲಿ ಟೆಲಿಸ್ಕ್ರೀನ್ ಕಾಣುವುದಿಲ್ಲ. ಅಂಗಡಿಯ ಚಾರಿಂಗ್ಟನ್ ಸಾಧು ಮುದುಕನ ಹಾಗೆ ಇದ್ದಾನೆ. ಆ ಕೋಣೆಯಲ್ಲಿ ಇಬ್ಬರೂ ಮನಬಿಚ್ಚಿ ಮಾತಾಡುತ್ತಾರೆ, ನಗುತ್ತಾರೆ, ದೇಶ ಆಳುವ ಪಾರ್ಟಿಯನ್ನು ಬೈಯುತ್ತಾರೆ. ಕೊನೆಗೆ ಗೋಡೆಯ ಚಿತ್ರ ಕೆಳಗೆ ಬೀಳುತ್ತದೆ. ಅದರ ಹಿಂದೆ ಟೆಲಿಸ್ಕ್ರೀನ್. ಚಾರಿಂಗ್ಟನ್ ಥಾಟ್ ಪೊಲೀಸ್, ಅಂದರೆ ಜನರ ಯೋಚನೆಯನ್ನೇ ಅಪರಾಧವೆಂದು ಹಿಡಿಯುವ ಗುಪ್ತ ಪೊಲೀಸ್. ಇದು ಅಪ್ಪಟ ಬೇಹು. ಇಲ್ಲಿ ಸರ್ಕಾರಕ್ಕೆ ನಿಜ ಸಿಕ್ಕಿತು, ಏಕೆಂದರೆ ಅವರಿಗೆ ಗೊತ್ತಿರಲಿಲ್ಲ. ಮನೆಯ ಟೆಲಿಸ್ಕ್ರೀನಿಗೆ ಸಿಕ್ಕಿದ್ದು ಬರೀ ಒಂದು ಮುಖವಾಡ, ಏಕೆಂದರೆ ಅವನಿಗೆ ಗೊತ್ತಿತ್ತು. ಆರ್ವೆಲ್ ಎರಡನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟು ತೋರಿಸಿದ್ದಾನೆ. ನಾವು ಎರಡಕ್ಕೂ ಒಂದೇ ಹೆಸರು ಇಟ್ಟು ಕೂತಿದ್ದೇವೆ.

ಇದು ಪುಸ್ತಕದ ಮಾತಾಯಿತು ಅನ್ನುವವರು ಮಾಟುಂಗಾ, ಸಯಾನ್ ಕಡೆಯ ಯಾವುದಾದರೂ ಉಡುಪಿ ಹೋಟೆಲಿನ ಅಡುಗೆಮನೆಗೆ ಹೋಗಿ ನೋಡಿ. ಈಗ ಮಾಲೀಕರ ಮೊಬೈಲಿನಲ್ಲೇ ಕ್ಯಾಮೆರಾ ಕಾಣುತ್ತದೆ. ಧಣಿ ಭೂತದ ಕೋಲಕ್ಕೆ ಊರಿಗೆ ಹೋದರೂ ಹೋಟೆಲ್ ಕೈಯಲ್ಲೇ ಇರುತ್ತದೆ. ಅಂಥ ಒಂದು ಕಡೆ, ಮಧ್ಯಾಹ್ನದ ಗಿರಾಕಿ ಇಳಿದ ಮೇಲೂ ಸಪ್ಲಾಯರ್ ಹುಡುಗ ಒರೆಸಿದ ಟೇಬಲನ್ನೇ ಮತ್ತೆ ಒರೆಸುತ್ತಿದ್ದ. ಸ್ವಲ್ಪ ಕೂತ್ಕೋ ಮಾರಾಯ ಅಂದೆ. 'ಧಣಿ ನೋಡ್ತಾರಾ ಇಲ್ವಾ ಗೊತ್ತಿಲ್ಲ ಅಣ್ಣ. ಆದ್ರೆ ಕೂತ್ಕೊಳ್ಳಲಿಕ್ಕೆ ಧೈರ್ಯ ಬರುದಿಲ್ಲ' ಅಂದ. ಕಣ್ಗಾವಲು ಏನು ಮಾಡುತ್ತದೆ ಅನ್ನುವುದಕ್ಕೆ ಇದಕ್ಕಿಂತ ಸರಿಯಾದ ಉತ್ತರ ನಾನು ಕೇಳಿಲ್ಲ. ಧಣಿ ಆ ಹೊತ್ತಿಗೆ ಊಟ ಮಾಡಿ ಮಲಗಿರಲೂಬಹುದು. ಅದರಿಂದ ಹುಡುಗನಿಗೆ ಏನೂ ವ್ಯತ್ಯಾಸ ಇಲ್ಲ. ಅವನು ಬೇಕಾದರೆ ಆ ಕೆಲಸ ಬಿಟ್ಟು ಪಕ್ಕದ ಹೋಟೆಲಿಗೆ ಹೋಗಬಹುದು. ಡಿಸ್ಟೋಪಿಯಾ ಕತೆಗಳಲ್ಲಿ ಧಣಿಯ ಜಾಗದಲ್ಲಿ ಸರ್ಕಾರ ಇರುತ್ತದೆ, ಪಕ್ಕದ ಹೋಟೆಲ್ ಇರುವುದಿಲ್ಲ.

ಹಾಗಾದರೆ ಕಣ್ಗಾವಲು ಸರಿಯಾದ ಪದವೇ? ಹೌದು. ಆದರೆ ಅದರ ಹೊಟ್ಟೆಯಲ್ಲಿ ಏನಿದೆ ಅಂತ ಒಮ್ಮೆ ನೋಡಬೇಕು. ಕಣ್ ಮತ್ತು ಕಾವಲು ಸೇರಿ ಕಣ್ಗಾವಲು. ಮಳೆಗಾಲದಲ್ಲಿ ಆದ ಹಾಗೆ ಇಲ್ಲೂ 'ಕ' ಹೋಗಿ 'ಗ' ಬಂದಿದೆ, ಶಾಲೆಯಲ್ಲಿ ಓದಿದ ಆದೇಶ ಸಂಧಿ. ಕಾವಲು ಬಂದದ್ದು ಕಾಯು ಅನ್ನುವುದರಿಂದ. ಕಾಪಾಡು, ಕಾಪು ಎಲ್ಲ ಅದೇ ಮನೆಯವು. ದೇವರು ಕಾಯಲಿ ಅನ್ನುತ್ತೇವೆ, ಹೊಲ ಕಾಯುತ್ತೇವೆ, ಮನೆ ಕಾಯಲು ಜನ ಇಡುತ್ತೇವೆ. ಅಂದರೆ ಪದ ತಾನಾಗಿಯೇ ಒಂದು ಭರವಸೆ ಕೊಡುತ್ತದೆ, ನಿನ್ನ ಒಳ್ಳೆಯದಕ್ಕೇ ನೋಡುತ್ತಿದ್ದೇನೆ ಅಂತ. ಆದರೆ ಕಾಯುವುದಕ್ಕೆ ಇನ್ನೊಂದು ಮುಖವೂ ಇದೆ. ಕುರಿ ಕಾಯುವವನು ತೋಳದಿಂದ ಕುರಿಯನ್ನು ಕಾಯುತ್ತಾನೆ, ಹಾಗೆಯೇ ಕುರಿಯಿಂದ ಪಕ್ಕದ ಹೊಲವನ್ನೂ ಕಾಯುತ್ತಾನೆ. ಕೋಲು ಒಂದೇ. ಯಾರಿಂದ ಯಾರನ್ನು ಕಾಯುತ್ತಿದ್ದಾರೆ ಅನ್ನುವ ಪ್ರಶ್ನೆ ಕಣ್ಗಾವಲು ಅನ್ನುವ ಪದ ಕಂಡಲ್ಲೆಲ್ಲ ಕೇಳಬೇಕು.

ಬೇರೆ ಭಾಷೆಗಳಲ್ಲೂ ಇದೇ ಕತೆ. ಕಣ್ಗಾವಲಿಗೆ ಇಂಗ್ಲಿಷಿನವರು ಹೇಳುವ ಸರ್ವೇಲೆನ್ಸ್ ಫ್ರೆಂಚಿನಿಂದ ಬಂತು. 'ಸುರ್' ಅಂದರೆ ಮೇಲೆ, 'ವೇಯೇ' ಅಂದರೆ ಎಚ್ಚರವಾಗಿದ್ದು ನೋಡಿಕೊಳ್ಳುವುದು. ನಮ್ಮ ಕಚೇರಿಗಳ ವಿಜಿಲೆನ್ಸ್ ವಿಭಾಗದ ಹೆಸರಿನ ಮೂಲವೂ ಅದೇ ಲ್ಯಾಟಿನ್ ಧಾತು. ರೋಗಿಯ ಪಕ್ಕ ರಾತ್ರಿಯೆಲ್ಲ ಎದ್ದಿರುವುದಕ್ಕೂ ಫ್ರೆಂಚರು ಇದೇ ಕ್ರಿಯಾಪದ ಬಳಸುತ್ತಾರೆ. ಆ ಮೃದುವಾದ ಪದ 1793ರ ಮಾರ್ಚ್‌ನಲ್ಲಿ ಸರ್ಕಾರದ ಕೈಗೆ ಸಿಕ್ಕಿತು. ಕ್ರಾಂತಿಯ ಫ್ರಾನ್ಸಿನಲ್ಲಿ ಊರೂರಿಗೆ 'ಸರ್ವೇಲೆನ್ಸ್ ಸಮಿತಿ'ಗಳು ಬಂದವು. ಮೊದಲು ಅವುಗಳ ಕೆಲಸ ಊರಿಗೆ ಬಂದ ಪರಕೀಯರ ಮೇಲೆ ಕಣ್ಣಿಡುವುದು. ಅದೇ ವರ್ಷ ಸೆಪ್ಟೆಂಬರಿನಲ್ಲಿ, ಕ್ರಾಂತಿಯ ವಿರೋಧಿಗಳೆಂದು ಅನುಮಾನ ಬಂದವರನ್ನು ಹಿಡಿಯುವ ಅನುಮಾನಿತರ ಕಾನೂನು ಬಂತು. ಆಮೇಲೆ ಊರಿನವರ ಪಟ್ಟಿಯನ್ನೇ ಬರೆಯತೊಡಗಿದವು. ಯಾರ ಹೆಸರು ಯಾವಾಗ ಸೇರುತ್ತದೋ ಯಾರಿಗೂ ತಿಳಿಯದು. ಆದರೆ ಪಟ್ಟಿ ಇದೆ ಅಂತ ಎಲ್ಲರಿಗೂ ಗೊತ್ತು. ಇದಾಗಿ ಕೆಲವೇ ವರ್ಷಗಳಲ್ಲಿ ಪದ ಇಂಗ್ಲಿಷಿಗೂ ದಾಟಿತು.

ಕಾಪಾಡುವ ಪದವೇ ಹೆದರಿಸುವ ಪದವೂ ಆಗುತ್ತದೆ ಅನ್ನುವುದು ರಷ್ಯದ ಲೇಖಕ ಯೆವ್ಗೆನಿ ಜಮ್ಯಾತಿನ್‌ಗೆ ಚೆನ್ನಾಗಿ ಅರ್ಥವಾಗಿತ್ತು. ಅವನ 'ನಾವು' ಕಾದಂಬರಿ 1924ರಲ್ಲಿ ಮೊದಲು ಇಂಗ್ಲಿಷಿನಲ್ಲಿ ಬಂತು. ಅವನ ದೇಶದಲ್ಲಿ ಅಚ್ಚಾಗಲು 1988 ಆಗಬೇಕಾಯಿತು. ಅಲ್ಲಿ ಜನರಿಗೆ ಹೆಸರಿಲ್ಲ, ನಂಬರ್ ಇದೆ. ಮನೆಗಳೆಲ್ಲ ಗಾಜಿನವು. ಗುಲಾಬಿ ಚೀಟಿ ತೋರಿಸಿದರೆ ಮಾತ್ರ ಸ್ವಲ್ಪ ಹೊತ್ತು ಪರದೆ ಎಳೆಯಬಹುದು. ಅಲ್ಲಿನ ಪೊಲೀಸರಿಗೆ ಜಮ್ಯಾತಿನ್ ಕೊಟ್ಟ ರಷ್ಯನ್ ಹೆಸರು 'ಖ್ರನೀತೆಲಿ', ಅಂದರೆ ಕಾಪಾಡುವವರು. ಅದನ್ನು ಕನ್ನಡಕ್ಕೆ ತರುವವರು ಕಾವಲುಗಾರರು ಅಂತಲೇ ಬರೆಯಬೇಕು. ಗೂಢಚಾರರು ಅಂದರೆ ಅವನ ಚಾಟಿಯೇಟು ಹೋಯಿತು. 1985ರ 'ದಿ ಹ್ಯಾಂಡ್‌ಮೇಡ್ಸ್ ಟೇಲ್'ನಲ್ಲಿ ಮಾರ್ಗರೆಟ್ ಆಟ್‌ವುಡ್ ತನ್ನ ಕಾದಂಬರಿಯ ಗುಪ್ತ ಪೊಲೀಸರಿಗೆ 'ಕಣ್ಣುಗಳು' ಅಂತ ಹೆಸರಿಟ್ಟಳು. ಜನ ಬೀಳ್ಕೊಡುವಾಗ ಹೇಳುವ ಮಾತೇ 'ಅವನ ಕಣ್ಣಿನ ಕೆಳಗೆ', ಅಂದರೆ ದೇವರ ಕಣ್ಣಿನ ಕೆಳಗೆ.

ಮರಾಠಿಯವರ ಹತ್ತಿರ ಇಲ್ಲಿ ಒಂದು ಅನುಕೂಲ ಇದೆ. ವಾಚ್‌ಮನ್ ಮಾಡುವುದು ಪಹಾರಾ. ಪೊಲೀಸರು ಒಬ್ಬನ ಬೆನ್ನು ಹತ್ತಿದರೆ, ಅಥವಾ ಕಳ್ಳರು ಒಂದು ಮನೆಯ ಮೇಲೆ ಕಣ್ಣಿಟ್ಟರೆ, ಅದು ಪಾಳತ್. ಕಾಪಾಡುವುದನ್ನೂ ಬೆನ್ನು ಹತ್ತುವುದನ್ನೂ ಅವರು ಬೆರೆಸುವುದಿಲ್ಲ. ನಮ್ಮಲ್ಲಿ ಗಡಿ ಕಾಯುವ ಸೈನಿಕನಿಗೂ, ಸಿಸಿಟಿವಿಗೂ, ರೌಡಿ ಶೀಟರ್ ಮನೆ ಮುಂದೆ ನಿಂತ ಪೇದೆಗೂ ಕಣ್ಗಾವಲು ಒಂದೇ.

ಬಿಗ್ ಬ್ರದರ್ ವಿಷಯ ಬೇಗ ಮುಗಿಸುತ್ತೇನೆ. ಅದನ್ನು ದೊಡ್ಡಣ್ಣ ಅಂತ ಮಾಡಬೇಡಿ. ಕನ್ನಡ ಪತ್ರಿಕೆಗಳಲ್ಲಿ ದೊಡ್ಡಣ್ಣ ಅಂದರೆ ಅಮೆರಿಕ, ಎಲ್ಲರ ಜಗಳದಲ್ಲೂ ತಲೆ ಹಾಕುವವನು. ಮನೆಯ ದೊಡ್ಡಣ್ಣ ಬೈದರೂ ನಮ್ಮವನು, ಎದುರು ಮಾತಾಡಬಹುದು. ಆರ್ವೆಲ್‌ನ ಬಿಗ್ ಬ್ರದರನ್ನು ಯಾರೂ ಕಂಡಿಲ್ಲ. ಅವನು ಇದ್ದಾನೋ ಇಲ್ಲವೋ ಅನ್ನುವುದೂ ಖಾತ್ರಿ ಇಲ್ಲ, ಇರುವುದು ಪೋಸ್ಟರಿನ ಮೀಸೆಯ ಮುಖ ಮಾತ್ರ. ಬಿಗ್ ಬಾಸ್ ಮನೆಯೂ ಕಣ್ಗಾವಲಿಗೆ ಉದಾಹರಣೆ ಆಗುವುದಿಲ್ಲ. ಅಲ್ಲಿ ಒಳಗೆ ಹೋಗುವವರು ಕ್ಯಾಮೆರಾಕ್ಕೆ ಕಾಣಿಸಲೆಂದೇ ಹೋಗುತ್ತಾರೆ. ಗೇಟಿನ ಕ್ಯಾಮೆರಾವನ್ನು ಸುಮ್ನೆ ಕಣ್ಗಾವಲು ಅನ್ನಿ, ಸಾಕು. 26/11ರ ದಾಳಿಯ ನಂತರ ಮುಂಬೈ ರಸ್ತೆಗಳಿಗೆ ಕ್ಯಾಮೆರಾ ಬೇಕು ಅನ್ನುವ ಒತ್ತಾಯ ಬಂತು, 2016ರಲ್ಲಿ 4,000ಕ್ಕೂ ಹೆಚ್ಚು ಕ್ಯಾಮೆರಾಗಳ ಜಾಲ ಶುರುವಾಯಿತು. ಅದನ್ನು ಕೇಳಿದವರು ಭಯದಿಂದಲೇ ಕೇಳಿದರು, ಆದರೆ ಅದು ಸರ್ಕಾರದ ಮೇಲಿನ ಭಯ ಅಲ್ಲ, ದಾಳಿಯ ಭಯ. ಇದನ್ನು ಮರೆತು ಎಲ್ಲ ಕ್ಯಾಮೆರಾವನ್ನೂ ಡಿಸ್ಟೋಪಿಯಾ ಅಂದರೆ ನಿಜವಾದ ಡಿಸ್ಟೋಪಿಯಾದ ಗುರುತು ಸಿಗದು.

ನಿಜವಾದ ಗುರುತು ನಮ್ಮ ದೇಶದ ಒಂದು ತೀರ್ಪಿನಲ್ಲಿ ಇದೆ. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬುವನ ಮೇಲೆ ಡಕಾಯಿತಿ ಕೇಸು ಬಿತ್ತು. ಸಾಕ್ಷಿ ಇಲ್ಲದೆ ಬಿಟ್ಟರು. ಆದರೂ ಪೊಲೀಸರು ಅವನ ಮೇಲೆ ನಿಗಾ ಇಡಲು ಹಿಸ್ಟರಿ ಶೀಟ್ ಎಂಬ ದಾಖಲೆ ತೆರೆದರು. ರಾತ್ರಿ ಹೊತ್ತು ಬಂದು ಬಾಗಿಲು ಬಡಿಯುವುದು, ಕೂಗಿ ಎಬ್ಬಿಸುವುದು. ಊರು ಬಿಟ್ಟು ಹೋಗುವಾಗ ಚೌಕಿದಾರನಿಗೆ ಹೇಳಿ ಹೋಗಬೇಕು. ಅವನು ಸುಪ್ರೀಂ ಕೋರ್ಟಿಗೆ ಹೋದ. 1962ರ ಡಿಸೆಂಬರಿನಲ್ಲಿ ತೀರ್ಪು ಬಂತು. ರಾತ್ರಿ ಮನೆಗೆ ನುಗ್ಗುವುದು ತಪ್ಪು ಅಂತ ಬಹುಮತದ ನ್ಯಾಯಮೂರ್ತಿಗಳು ಹೇಳಿದರು, ಉಳಿದ ನಿಗಾವನ್ನು ಒಪ್ಪಿದರು. ಗುಟ್ಟಾಗಿ ಮನೆ ಮುಂದೆ ಕಾವಲಿಟ್ಟರೆ ಅವನಿಗೆ ಗೊತ್ತೇ ಆಗುವುದಿಲ್ಲ, ಗೊತ್ತಾದರೂ ಮನಸ್ಸಿಗೆ ಅಳುಕು ಅಷ್ಟೇ, ಕೈಕಾಲು ಕಟ್ಟಿಲ್ಲವಲ್ಲ ಅನ್ನುವುದು ಅವರ ವಾದ. ನ್ಯಾಯಮೂರ್ತಿ ಸುಬ್ಬರಾವ್ ಒಪ್ಪಲಿಲ್ಲ. ಪೊಲೀಸರ ಕಣ್ಣಿನ ಕೆಳಗಿನ ಓಡಾಟ ಸ್ವತಂತ್ರ ಓಡಾಟ ಅಲ್ಲ, ಅಂಥವನಿಗೆ ಇಡೀ ದೇಶವೇ ಜೈಲು ಅಂತ ತಮ್ಮ ಭಿನ್ನ ತೀರ್ಪಿನಲ್ಲಿ ಬರೆದರು. ಆ ಅಳುಕನ್ನು ಲೆಕ್ಕಕ್ಕೆ ತಗೋಬೇಕೋ ಬೇಡವೋ ಅನ್ನುವುದೇ ಅಲ್ಲಿನ ಜಗಳ. ಖಾಸಗಿತನ ಮೂಲಭೂತ ಹಕ್ಕು ಅಲ್ಲ ಅಂದಿದ್ದ ಆ ತೀರ್ಪಿನ ಭಾಗವನ್ನು 2017ರ ಆಗಸ್ಟ್‌ನಲ್ಲಿ 9 ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು. ಆ ಕೇಸಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಎರಡು ಪದಗಳೂ ಒಟ್ಟಿಗೆ ಬೇಕಾಗುವ ಸಂದರ್ಭ ಇಲ್ಲ ಅಂತಲ್ಲ. ಪತ್ರಕರ್ತರ, ರಾಜಕಾರಣಿಗಳ ಫೋನುಗಳಿಗೆ ಪೆಗಾಸಸ್ ಎಂಬ ಗುಪ್ತ ಸಾಫ್ಟ್‌ವೇರ್ ಹಾಕಿದ್ದಾರೆ ಅನ್ನುವ ಆರೋಪ 2021ರ ಜುಲೈನಲ್ಲಿ ಬಂತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ತಜ್ಞರ ಸಮಿತಿ ನೇಮಿಸಿತು. ಆ ಆದೇಶ ಶುರುವಾಗುವುದೇ ಆರ್ವೆಲ್‌ನ ಮಾತಿನಿಂದ: ಗುಟ್ಟು ಉಳಿಸಿಕೊಳ್ಳಬೇಕಾದರೆ ಅದನ್ನು ನಿನ್ನಿಂದಲೂ ಬಚ್ಚಿಡಬೇಕು. ನನ್ನನ್ನು ನೋಡುತ್ತಿರಬಹುದು ಅನ್ನುವ ತಿಳಿವಳಿಕೆಯೇ ಜನ ತಮ್ಮ ಮಾತನ್ನು ತಾವೇ ಕತ್ತರಿಸಿಕೊಳ್ಳುವಂತೆ ಮಾಡಬಹುದು ಅಂತ ಅದೇ ಆದೇಶ ಹೇಳಿತು. ಫೋನಿನೊಳಗೆ ಕದ್ದು ಕೂರುವ ಸಾಫ್ಟ್‌ವೇರ್ ಬೇಹುಗಾರಿಕೆಗೇ ಸೇರಿದ್ದು, ಯಾರಿಗೂ ಗೊತ್ತಾಗದಿರಲಿ ಅಂತಲೇ ಅದನ್ನು ಮಾಡಿರುವುದು. ಸುದ್ದಿ ಹೊರಬಿದ್ದ ಮೇಲೆ, ಪೆಗಾಸಸ್‌ಗೆ ಗುರಿಯಾದವರ ಪಟ್ಟಿಯಲ್ಲಿ ಹೆಸರೇ ಇಲ್ಲದವರೂ ಫೋನನ್ನು ಪಕ್ಕದ ಕೋಣೆಯಲ್ಲಿಟ್ಟು ಮಾತಾಡಲು ಶುರು ಮಾಡಿದರೆ, ಅದನ್ನು ಕಣ್ಗಾವಲು ಅಂತಲೇ ಬರೆಯಬೇಕಾಗುತ್ತದೆ.