ರಕ್ತ ಹೆಪ್ಪುಗಟ್ಟುವುದು, ಗಾಯ ಮಾಯುವುದು

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದರಿಂದ ಏನಾಗುತ್ತದೆ ಎಂಬ ಪ್ರಶ್ನೆಗೆ ‘ರಕ್ತಸ್ರಾವ ನಿಲ್ಲುತ್ತದೆ’ ಎಂದು ಬರೆದು ಮುಗಿಸಬೇಡಿ. ಹೆಪ್ಪಿನ ಅರ್ಧ ಕೆಲಸ ಅದಾದ ಮೇಲಿನದು.

ಚರ್ಮ ಕೊಯ್ದೊಡನೆ ರಕ್ತನಾಳ ಸಂಕುಚಿಸುತ್ತದೆ. ಒಳಪದರ ಹರಿದಲ್ಲಿ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಬಯಲಾಗಿ, ರಕ್ತದ ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಪ್ರೋಟೀನಿನ ನೆರವಿನಿಂದ ಪ್ಲೇಟ್‌ಲೆಟ್‌ಗಳು (ರಕ್ತದ ಕಿರುಕಣಗಳು) ಅಲ್ಲಿ ಅಂಟುತ್ತವೆ. ಅಂಟಿದವು ಎಡಿಪಿ, ಥ್ರಾಂಬಾಕ್ಸೇನ್ ಎಂಬ ರಾಸಾಯನಿಕಗಳನ್ನು ಸ್ರವಿಸಿ ಉಳಿದವನ್ನೂ ಸೆಳೆಯುತ್ತವೆ. ಆಸ್ಪಿರಿನ್ ತಡೆಯುವುದು ಥ್ರಾಂಬಾಕ್ಸೇನನ್ನು, ಅದನ್ನು ತಯಾರಿಸುವ ಕಿಣ್ವವನ್ನು ಕೆಡಿಸಿ. ಪ್ಲೇಟ್‌ಲೆಟ್‌ಗೆ ಕೋಶಕೇಂದ್ರವಿಲ್ಲ, ಕೆಟ್ಟ ಕಿಣ್ವದ ಬದಲು ಹೊಸದನ್ನು ಮಾಡಿಕೊಳ್ಳಲಾರದು. ಹಾಗಾಗಿ ಅದರ 7–10 ದಿನದ ಆಯಸ್ಸು ಮುಗಿಯುವವರೆಗೂ ಪರಿಣಾಮ ಉಳಿಯುತ್ತದೆ.

ಪ್ಲೇಟ್‌ಲೆಟ್ ಗುಂಪು ಸಡಿಲ, ಅದನ್ನು ಬಿಗಿಯುವುದು ಫೈಬ್ರಿನ್ ನೂಲು. ಗಾಯದ ಟಿಶ್ಯೂ ಫ್ಯಾಕ್ಟರ್ ಎಂಬ ಪ್ರೋಟೀನ್ 7ನೇ ಅಂಶದ (ಹೆಪ್ಪುಗಟ್ಟಿಸುವ ರಕ್ತದ ಪ್ರೋಟೀನ್‌ಗಳನ್ನು ಹೀಗೆ ಸಂಖ್ಯೆಯಿಂದ ಗುರುತಿಸುತ್ತಾರೆ) ಜೊತೆ ಸೇರಿ 10ನೆಯದನ್ನು ಎಬ್ಬಿಸುತ್ತದೆ. ಅದು ಪ್ರೊಥ್ರಾಂಬಿನನ್ನು ಥ್ರಾಂಬಿನ್ ಮಾಡುತ್ತದೆ. ಥ್ರಾಂಬಿನ್ ಫೈಬ್ರಿನೋಜನನ್ನು ಫೈಬ್ರಿನ್ ಮಾಡುತ್ತದೆ. ಕೊನೆಗೆ 13ನೇ ಅಂಶ ನೂಲುಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಇದರ ಹೆಚ್ಚಿನ ಹಂತಗಳಿಗೆ ಕ್ಯಾಲ್ಸಿಯಂ ಬೇಕು; ಅದನ್ನು ಹಿಡಿದಿಡುವ ಸಿಟ್ರೇಟ್ ಹಾಕಿದ ಟ್ಯೂಬಿನಲ್ಲಿ ರಕ್ತ ಗಟ್ಟಿಯಾಗದಿರುವುದು ಅದಕ್ಕೇ.

ಎರಡು ಹಂತಗಳ ವ್ಯತ್ಯಾಸ ಹಿಮೋಫಿಲಿಯಾದಲ್ಲಿ ಎದ್ದು ಕಾಣುತ್ತದೆ. 8ನೇ ಅಥವಾ 9ನೇ ಅಂಶದ ಕೊರತೆಯಿದ್ದರೂ ಪ್ಲೇಟ್‌ಲೆಟ್ ಸರಿಯಿರುವುದರಿಂದ ಸಣ್ಣ ಗೀರಿನ ರಕ್ತ ನಿಲ್ಲುತ್ತದೆ. ತೊಂದರೆ ಇರುವುದು ಕೀಲು, ಸ್ನಾಯುಗಳೊಳಗಿನ ಸ್ರಾವದಲ್ಲಿ.

ಕೊಳಕುಮಂಡಲದ ವಿಷ 10 ಮತ್ತು 5ನೇ ಅಂಶಗಳನ್ನು ಒಟ್ಟಿಗೇ ಕೆರಳಿಸಿ ಫೈಬ್ರಿನೋಜನನ್ನೆಲ್ಲ ಖರ್ಚು ಮಾಡಿಬಿಡುತ್ತದೆ. ಹೀಗಾಗಿದೆಯೇ ಎಂದು ತಿಳಿಯಲು ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ 2 ಮಿ.ಲೀ. ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಒಮ್ಮೆ ವಾಲಿಸುತ್ತಾರೆ. ಇನ್ನೂ ಹರಿದರೆ ವಿಷಪ್ರತಿರೋಧಕ ಬೇಕು. ಗಾಜು ಕಡ್ಡಾಯ, ಅದರ ಮೇಲ್ಮೈಯೇ 12ನೇ ಅಂಶವನ್ನು ಚುರುಕುಗೊಳಿಸುವುದು. ಪ್ಲಾಸ್ಟಿಕ್ಕಿನಲ್ಲಾಗಲಿ, ಸೋಪಿನ ಪಸೆ ಉಳಿದ ಗಾಜಿನಲ್ಲಾಗಲಿ ಸರಿಯಿರುವ ರಕ್ತವೂ ಗಟ್ಟಿಯಾಗದೆ ದಾರಿ ತಪ್ಪಿಸಬಹುದು.

ಇನ್ನು ಮಾಯುವಿಕೆ. ಪ್ಲೇಟ್‌ಲೆಟ್‌ಗಳು ಬಿಡುವ ಪಿಡಿಜಿಎಫ್, ಟಿಜಿಎಫ್-ಬೀಟಾ ಎಂಬ ಬೆಳವಣಿಗೆ ಪ್ರೋಟೀನ್‌ಗಳು ದುರಸ್ತಿಕೋಶಗಳನ್ನು ಕರೆತರುತ್ತವೆ. ಮೊದಲ ದಿನ ನ್ಯೂಟ್ರೋಫಿಲ್ (ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣ), 2–3ನೇ ದಿನಕ್ಕೆ ಮ್ಯಾಕ್ರೋಫೇಜ್ (ಕಸ ನುಂಗುವ ಕೋಶ), ಆಮೇಲೆ ಫೈಬ್ರೋಬ್ಲಾಸ್ಟ್ (ಅಂಗಾಂಶ ಕಟ್ಟುವ ಕೋಶ). ಬಳ್ಳಿ ಚಪ್ಪರಕ್ಕೆ ಹಬ್ಬುವಂತೆ ಫೈಬ್ರೋಬ್ಲಾಸ್ಟ್‌ಗಳು ಫೈಬ್ರಿನ್ ನೂಲು ಹಿಡಿದು ಒಳಸರಿದು ಕೊಲಾಜನ್ ನೇಯುತ್ತವೆ. ಹೊಸ ಅಂಗಾಂಶ ಬಂದಂತೆ ಪ್ಲಾಸ್ಮಿನ್ ಎಂಬ ಕಿಣ್ವ ಹಳೆಯ ಫೈಬ್ರಿನನ್ನು ಕರಗಿಸುತ್ತದೆ. ಹಕ್ಕಳೆಯನ್ನು ಕಿತ್ತರೆ ಅಡಿಯಲ್ಲಿ ಆಗತಾನೆ ಹಬ್ಬುತ್ತಿದ್ದ ಎಳೆಚರ್ಮವೂ ಕಿತ್ತುಬರುತ್ತದೆ.

13ನೇ ಅಂಶವಿಲ್ಲದವರಲ್ಲಿ ರಕ್ತ ಹೆಪ್ಪುಗಟ್ಟುವ ಸಮಯ ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳೆರಡೂ ಸರಿಯಾಗೇ ಬರುತ್ತವೆ, ಹೆಪ್ಪೂ ಕಟ್ಟುತ್ತದೆ. ಆದರೆ ಬೆಸುಗೆಯಿಲ್ಲದ ಹೆಪ್ಪು ಬೇಗ ಕರಗಿ, ನಿಂತ ರಕ್ತ ಮತ್ತೆ ಜಿನುಗುತ್ತದೆ, ಗಾಯವೂ ತಡವಾಗಿ ಮಾಯುತ್ತದೆ. ನವಜಾತ ಶಿಶುವಿನ ಹೊಕ್ಕುಳಿನಿಂದ ರಕ್ತ ಬರುತ್ತಲೇ ಇದ್ದರೆ ಈ ಅಂಶವನ್ನು ಬೇರೆಯಾಗಿ ಪರೀಕ್ಷಿಸಬೇಕು.