ನಿಂಬೆ ಚಿಟ್ಟೆಯನ್ನೂ ಬರೆದುಕೊಳ್ಳಿ

ಸೆಪ್ಟೆಂಬರ್ ಬಂತೆಂದರೆ ನನ್ನ ಫೋನಿಗೆ ಬ್ಲೂ ಮಾರ್ಮನ್ ಚಿಟ್ಟೆಯ ಫೋಟೊಗಳು ಒಂದರ ಹಿಂದೊಂದು ಬರುತ್ತವೆ. ಬರಲೇಬೇಕು. ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿ ಹರಡಿಕೊಂಡು, ಅಂಗೈಗಿಂತ ಅಗಲವಾದ ಆ ಚಿಟ್ಟೆ ಮುಂಬೈನ ಮುಲುಂಡಿನ ಯಾವುದೋ ಸೊಸೈಟಿಯ ಅಂಗಳ ದಾಟಿ ಹೋದರೆ ಹರಟೆ ಹೊಡೆಯುತ್ತಿದ್ದವರೂ ಸುಮ್ಮನಾಗುತ್ತಾರೆ. ಮಹಾರಾಷ್ಟ್ರ 2015ರಲ್ಲಿ ಅದನ್ನು ರಾಜ್ಯದ ಚಿಟ್ಟೆಯಾಗಿ ಆರಿಸಿಕೊಂಡಿತು. ಮರಾಠಿಯಲ್ಲಿ ಅದು ನೀಲವಂತ. ಫೋಟೊ ಕಳಿಸಿದವರಿಗೆ ನನ್ನದೊಂದೇ ಪ್ರಶ್ನೆ: ‘ಆ ಹೊತ್ತಿನಲ್ಲಿ ಬೇರೆ ಏನೇನು ಕಂಡಿರಿ?’ ಉತ್ತರವೂ ಹೆಚ್ಚುಕಮ್ಮಿ ಒಂದೇ: ‘ಅಯ್ಯೋ, ಉಳಿದದ್ದೆಲ್ಲ ಮಾಮೂಲಿ.’

ನನಗೆ ಬೇಕಾದದ್ದು ಆ ಮಾಮೂಲಿಗಳು.

2020ರಿಂದ ದೇಶದಾದ್ಯಂತ ಸೆಪ್ಟೆಂಬರನ್ನು ಬಿಗ್ ಬಟರ್‌ಫ್ಲೈ ಮಂತ್ ಎಂದು ಆಚರಿಸುತ್ತಿದ್ದಾರೆ. ಜನ ತಾವು ಕಂಡ ಚಿಟ್ಟೆಗಳನ್ನು ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ಜಾಲತಾಣಗಳಲ್ಲಿ ದಾಖಲಿಸುತ್ತಾರೆ. ಕೀಟಗಳನ್ನೇ ಓದಿ ಅದನ್ನೇ ಕಸುಬು ಮಾಡಿಕೊಂಡ ನಾನು, ಮುಂಬೈ–ಠಾಣೆಯ ನಮ್ಮ ಕನ್ನಡ ಬಳಗದವರು ಕಳಿಸಿದ್ದನ್ನು ನೋಡಿ ಗುರುತು ಸರಿಯೇ ಎಂದು ಹೇಳುತ್ತೇನೆ. ಧಾರವಾಡದ ಕಡೆಯವರು ಪಾತರಗಿತ್ತಿ ಎನ್ನುತ್ತಾರೆ, ಉಡುಪಿಯವರು ಚಿಟ್ಟೆ ಎನ್ನುತ್ತಾರೆ. ಚಿಕ್ಕದನ್ನು, ಸಾದಾ ಬಣ್ಣದ್ದನ್ನು ಬಿಟ್ಟುಬಿಡುವುದರಲ್ಲಿ ಮಾತ್ರ ಇಬ್ಬರೂ ಒಂದೇ.

ಅಪರೂಪದ ಚಿಟ್ಟೆಯ ಒಂದು ಫೋಟೊ ಅದು ಅಲ್ಲಿತ್ತು ಎಂದಷ್ಟೇ ಹೇಳುತ್ತದೆ. ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳಬೇಕಾದರೆ ಸಂಖ್ಯೆ ಬೇಕು, ಸಂಖ್ಯೆ ಸಿಗುವುದು ದಿನಾ ಕಾಣುವವುಗಳಿಂದ. ಬ್ರಿಟನ್ನಿನಲ್ಲಿ ಅರ್ನೆಸ್ಟ್ ಪೊಲ್ಲಾರ್ಡ್ ಎಂಬ ವಿಜ್ಞಾನಿ ರೂಪಿಸಿದ ಕ್ರಮ ಬಹಳ ಸರಳ. ಪ್ರತಿ ವಾರ ಅದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯಬೇಕು. ಎಡಬಲ ಎರಡೂವರೆ ಮೀಟರ್, ಮುಂದಕ್ಕೆ ಐದು ಮೀಟರ್, ಇಷ್ಟರೊಳಗೆ ಕಂಡದ್ದನ್ನೆಲ್ಲ ಎಣಿಸಬೇಕು. 1976ರಲ್ಲಿ ಅಲ್ಲಿ ಸ್ವಯಂಸೇವಕರ ಗಣತಿ ಶುರುವಾಗಿದ್ದು ಹೀಗೆ. ಅಲ್ಲಿನ ಹಿತ್ತಲುಗಳಲ್ಲಿ ತೀರಾ ಸಾಮಾನ್ಯವಾಗಿದ್ದ ಸ್ಮಾಲ್ ಟಾರ್ಟಾಯ್ಸ್‌ಶೆಲ್ ಚಿಟ್ಟೆ ಸುಮಾರು ಮುಕ್ಕಾಲು ಪಾಲು ಇಳಿದುಹೋಗಿರುವುದು ಇವತ್ತು ಗೊತ್ತಿರುವುದಕ್ಕೆ, ಅದು ಧಾರಾಳವಾಗಿದ್ದಾಗಲೂ ಬೇಸರಪಡದೆ ಎಣಿಸಿದವರೇ ಕಾರಣ.

ನಮ್ಮ ಕಟ್ಟಡಗಳ ಸುತ್ತ ಏನೇನಿದೆ ನೋಡಿ. ಕಾಂಪೌಂಡಿಗೆ ಒತ್ತಿಕೊಂಡು ಕಂಬದಂತೆ ನಿಂತ ಅಶೋಕದ ಮರಗಳ ಸಾಲು, ನೆರೆಮನೆಯ ಗುಜರಾತಿಗಳು ಆಸೋಪಾಲವ್ ಎಂದು ಕರೆದು ಎಲೆ ಕೊಯ್ದು ತೋರಣ ಕಟ್ಟುತ್ತಾರಲ್ಲ, ಅದೇ ಮರ, ಟೇಲ್ಡ್ ಜೇ ಚಿಟ್ಟೆಯ ಮರಿಹುಳುವಿನ ಊಟ. ಹಸಿರು ಚುಕ್ಕೆಯ ಆ ಚಿಟ್ಟೆ ಒಂದು ಕ್ಷಣವೂ ನಿಲ್ಲುವುದಿಲ್ಲ, ಅದಕ್ಕೇ ಫೋಟೊ ಬರುವುದಿಲ್ಲ. ಫೋಟೊ ಇಲ್ಲದಿದ್ದರೂ ಸಂಖ್ಯೆ ಬರೆಯಿರಿ. ಖಾಲಿ ಸೈಟಿನ ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್, ಕಣಗಿಲೆಯಲ್ಲಿ ಕಾಮನ್ ಕ್ರೋ, ಹರಳೆಲೆಯ ಮೇಲೆ ಕಾಮನ್ ಕ್ಯಾಸ್ಟರ್. ಬಾಲ್ಕನಿಯ ಕರಿಬೇವಿನಲ್ಲಿ ನಿಂಬೆ ಚಿಟ್ಟೆ ಅಥವಾ ಕಾಮನ್ ಮಾರ್ಮನ್. ಮರಿಹುಳು ಮೊದಲು ಹಕ್ಕಿಯ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಚಾಚಿ ಘಾಟು ಬಿಡುತ್ತದೆ. ಒಗ್ಗರಣೆಗೆ ಎಲೆ ಕೀಳಲು ಹೋದವರು ಅದನ್ನು ಕಿತ್ತೆಸೆಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನಾಲ್ಕು ಎಲೆ ಹೋದರೆ ಹೋಗಲಿ, ದಯವಿಟ್ಟು ಬಿಟ್ಟುಬಿಡಿ.

ಇಂಗ್ಲಿಷ್ ಹೆಸರಿನಲ್ಲಿ ‘ಕಾಮನ್’ ಇದೆಯೆಂದು ಅದು ನಿಮ್ಮ ಬೀದಿಯಲ್ಲೂ ಸಾಮಾನ್ಯ ಎಂದುಕೊಳ್ಳಬೇಡಿ. ಹೆಸರಿಟ್ಟವರು ನಿಮ್ಮ ಬೀದಿ ನೋಡಿರಲಿಲ್ಲ.

ಗುರುತಿಸುವಲ್ಲಿ ನನ್ನ ಬಳಿ ಬರುವ ತಪ್ಪುಗಳು ಹೆಚ್ಚಾಗಿ ವೇಷಧಾರಿಗಳಿಂದ. ಕಾಮನ್ ಮಾರ್ಮನ್‌ನ ಹೆಣ್ಣುಗಳಲ್ಲಿ ಕೆಲವು ಕಾಮನ್ ರೋಸ್ ಎಂಬ ಚಿಟ್ಟೆಯ ವೇಷ ಹಾಕುತ್ತವೆ, ಕೆಲವು ಕ್ರಿಮ್ಸನ್ ರೋಸ್‌ನದು. ರೋಸ್‌ಗಳ ಮೈಯಲ್ಲಿ ವಿಷವಿದೆ, ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ. ಮಾರ್ಮನ್‌ಗೆ ಆ ಹೆದರಿಕೆಯ ರಕ್ಷಣೆ ಸಾಕು. ರೆಕ್ಕೆ ಬಿಟ್ಟು ಹೊಟ್ಟೆ ನೋಡಿ. ಕೆಂಪಿದ್ದರೆ ರೋಸ್, ಕಪ್ಪಾದರೆ ಮಾರ್ಮನ್. ಪ್ಲೇನ್ ಟೈಗರ್‌ನ ಹಾಗೆಯೇ ಕಾಣುವ ಡನೈಡ್ ಎಗ್‌ಫ್ಲೈ ಹೆಣ್ಣಿನ ಹಿಂದಿನ ರೆಕ್ಕೆಯಲ್ಲಿ ಕಪ್ಪು ಚುಕ್ಕೆ ಒಂದೇ. ಟೈಗರ್‌ಗೆ ಮೂರೋ ನಾಲ್ಕೋ ಇರುತ್ತವೆ. ಹುಲ್ಲಿನ ಮೇಲೆ ಹಾರುವ ಉಗುರಗಲದ ನೀಲಿ ಚಿಟ್ಟೆಗಳಿಗೆ ರೆಕ್ಕೆಯ ಅಡಿಭಾಗದ ಫೋಟೊ ಬೇಕು, ಮೇಲ್ಭಾಗದಿಂದ ನನಗೂ ಹೇಳಲಾಗದು. ಈವ್ನಿಂಗ್ ಬ್ರೌನ್ ಮಳೆಗಾಲಕ್ಕೊಂದು, ಬೇಸಿಗೆಗೊಂದು ರೂಪ ತೊಡುತ್ತದೆ; ಎರಡೂ ಬೇರೆ ಬೇರೆ ಚಿಟ್ಟೆ ಎಂದು ವಾದಿಸಿದವರು ನಮ್ಮಲ್ಲಿ ಕೆಲವರಿದ್ದಾರೆ.

ಇನ್ನೊಂದು ವಿಷಯ, ವಾಟ್ಸಾಪಿನಲ್ಲಿ ಸಾದಾ ರೀತಿ ಕಳಿಸಿದ ಫೋಟೊದಿಂದ ಜಾಗದ, ಸಮಯದ ವಿವರ ಅಳಿಸಿಹೋಗುತ್ತದೆ. ಠಾಣೆಯ ಯೇವೂರು ಕಾಡಿನಲ್ಲಿ ತೆಗೆದದ್ದನ್ನು ರಾತ್ರಿ ಡೊಂಬಿವಲಿಯ ಮನೆಯಿಂದ ಹಾಕುವಾಗ ಜಾಗವನ್ನು ನಕ್ಷೆಯಲ್ಲಿ ನೀವೇ ತೋರಿಸಬೇಕು. ಇಲ್ಲದಿದ್ದರೆ ಕಾಡಿನ ಚಿಟ್ಟೆ ಡೊಂಬಿವಲಿ ಸ್ಟೇಷನ್ನಿನ ಪಕ್ಕ ಕುಳಿತಿರುತ್ತದೆ.

ಫೋಟೊ ಹಾಕುವ ಆ್ಯಪ್‌ನಲ್ಲಿ ಏನೂ ಕಾಣದ ದಿನಕ್ಕೆ ಜಾಗವಿಲ್ಲ. ಅದಕ್ಕೇ ಒಂದು ನೋಟ್‌ಬುಕ್ ಇರಲಿ ಎನ್ನುತ್ತೇನೆ: ತಾರೀಕು, ಶುರು ಮಾಡಿದ ಸಮಯ, ಮುಗಿಸಿದ ಸಮಯ, ಬಿಸಿಲೋ ಮೋಡವೋ, ಎಷ್ಟು ಕಂಡವು.

ನಮ್ಮ ಬಳಗದಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಲೆಡ್ಜರಿನಂತೆಯೇ ಇದನ್ನು ಬರೆಯುತ್ತಾರೆ. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಕಾಲೊನಿಗೆ ಒಂದು ಸುತ್ತು. ಒಂದು ವರ್ಷ ನಿಂಬೆ ಚಿಟ್ಟೆಯ ಸಾಲಿನಲ್ಲಿ ಆರು, ಐದು, ಏಳು ಎಂದಿದ್ದದ್ದು ಒಮ್ಮೆಲೇ ಸೊನ್ನೆ. ಮರುವಾರವೂ ಸೊನ್ನೆ. ಮೂರನೇ ಸೊನ್ನೆ ಬಿದ್ದಾಗ ವಾಚ್‌ಮನ್‌ನನ್ನು ವಿಚಾರಿಸಿದರು. ಗಣಪತಿ ಹಬ್ಬಕ್ಕೆಂದು ಅಂಗಳ ಚೊಕ್ಕಟ ಮಾಡುವಾಗ ಬೇಲಿಯ ಪಕ್ಕದಲ್ಲಿ ಅದರ ಹುಳುಗಳಿಗೆ ಊಟವಾಗಿದ್ದ ನಿಂಬೆ, ಬಿಲ್ವ ಎರಡನ್ನೂ ಬುಡದವರೆಗೆ ಕಡಿದು, ಉಳಿದ ಗಿಡಗಳಿಗೆ ಔಷಧಿ ಹೊಡೆದಿದ್ದರಂತೆ. ಸೊಸೈಟಿಯ ಸಭೆಗೆ ಅವರು ಆ ನೋಟ್‌ಬುಕ್ಕನ್ನೇ ಹಿಡಿದುಕೊಂಡು ಹೋದರು. ಔಷಧಿ ನಿಂತಿತು. ಬಿಲ್ವ ಬುಡದಿಂದ ಚಿಗುರಿದೆ. ಅವರ ಕಳೆದ ಭಾನುವಾರದ ಸಾಲಿನಲ್ಲಿ ‘ನಿಂಬೆ ಚಿಟ್ಟೆ – 2’ ಎಂದಿದೆ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ‘ಒಂದು ಮೊಟ್ಟೆ ಇಡುತ್ತಿತ್ತು’ ಎಂದು.