ಎರಿ ಹೊಲದ ಶೇಂಗಾ ಹಳದಿಯಾಗುವುದೇಕೆ?

ಗದಗ, ಲಕ್ಷ್ಮೇಶ್ವರದ ಕಡೆ ಸುಣ್ಣದ ಹರಳು ಬೆರೆತ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ನಾಲ್ಕು ದಿನ ಜಡಿಮಳೆ ಹಿಡಿದರೆ ಶೇಂಗಾದ ಕುಡಿ ಎಲೆ ಹಳದಿ ತಿರುಗುತ್ತದೆ, ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಕೂಡಲೇ ಯೂರಿಯಾ ಎರಚುವವರು ಬಹಳ. ಆದರೆ ಸಾರಜನಕ ಕಡಿಮೆಯಾದಾಗ ಮೊದಲು ಹಳದಿಯಾಗುವುದು ಕೆಳಗಿನ ಹಳೆ ಎಲೆ. ಇದು ಕಬ್ಬಿಣದ ಕೊರತೆ. ಹಳೆ ಎಲೆಯಲ್ಲಿ ಸೇರಿಕೊಂಡ ಕಬ್ಬಿಣವನ್ನು ಗಿಡ ಕುಡಿಗೆ ಸಾಗಿಸಲಾರದು.

ಮಣ್ಣಿನಲ್ಲಿ ಕಬ್ಬಿಣಕ್ಕೇನೂ ಬರವಿಲ್ಲ, ಅದನ್ನು ಕರಗಲು ಬಿಡದಿರುವುದು ಸುಣ್ಣದ ಕ್ಷಾರ. ಸುಣ್ಣವಿದೆಯೇ ಎಂದು ನೋಡಲು ಒಂದು ಚಮಚ ಮಣ್ಣನ್ನು ಮೊದಲು ನೀರಿನಲ್ಲಿ ನೆನೆಸಿ. ಒಣ ಮಣ್ಣಿನೊಳಗಿನ ಗಾಳಿಯೂ ಗುಳ್ಳೆ ಎಬ್ಬಿಸಿ ಮೋಸ ಮಾಡುತ್ತದೆ. ಬಳಿಕ ಎರಡು ಚಮಚ ಬಿಳಿ ವಿನೆಗರ್ ಹಾಕಿ ಕಿವಿಗೊಡಿ. ಬುರುಬುರು ಸದ್ದು ಬಂದರೆ ಸುಣ್ಣವಿದೆ: ಆಮ್ಲ ಕ್ಯಾಲ್ಸಿಯಂ ಕಾರ್ಬೋನೇಟನ್ನು ಒಡೆದು ಇಂಗಾಲದ ಡೈಆಕ್ಸೈಡ್ ಹೊರಬಿಡುತ್ತಿದೆ.

ಇಂಥ ಸುಣ್ಣ, ನೀರು, ಗಾಳಿ ಮೂರೂ ಸಮತೋಲನಕ್ಕೆ ಬಂದಾಗ ರಸಸಾರ (pH, ಆಮ್ಲ-ಕ್ಷಾರದ ಅಳತೆ) 8.3ರ ಆಸುಪಾಸು ನಿಲ್ಲುತ್ತದೆ. ರಸಸಾರ 7 ಎಂದರೆ ತಟಸ್ಥ. ಒಂದಂಕ ಏರಿದರೆ ಹೈಡ್ರಾಕ್ಸೈಡ್ 10 ಪಟ್ಟು ಹೆಚ್ಚು. ಫೆರಿಕ್ ಕಬ್ಬಿಣದ (ಗಾಳಿಯ ಆಮ್ಲಜನಕ ತಾಗಿ ಬದಲಾದ ಕಬ್ಬಿಣ) ಒಂದು ಅಯಾನು ಮೂರು ಹೈಡ್ರಾಕ್ಸೈಡ್ ಹಿಡಿದು ತುಕ್ಕಾಗಿ ತಳಕ್ಕಿಳಿಯುವುದರಿಂದ, ಒಂದಂಕದ ಏರಿಕೆಗೆ ಕರಗಿರುವ ಫೆರಿಕ್ ಅಯಾನು 10×10×10, ಅಂದರೆ 1000 ಪಟ್ಟು ಇಳಿಯುತ್ತದೆ. ಮಳೆನೀರು ನಿಂತ ಹೊಲದಲ್ಲಿ ಬೇರುಗಳು ಬಿಟ್ಟ ಇಂಗಾಲದ ಡೈಆಕ್ಸೈಡ್ ಹೊರಹೋಗದೆ ಸುಣ್ಣವನ್ನು ಕರಗಿಸಿ ಬೈಕಾರ್ಬೋನೇಟ್ ಮಾಡುತ್ತದೆ. ಅದು ಬೇರು ಹೊರಬಿಡುವ ಆಮ್ಲವನ್ನೂ ನುಂಗಿಬಿಡುತ್ತದೆ. ಬಸಿಗಾಲುವೆ ತೆಗೆಯುವುದು ಅದಕ್ಕೇ ಮೊದಲ ಮದ್ದು.

ಹಾಗಾದರೆ ಹೊಲಕ್ಕೇ ಆಮ್ಲ ಹಾಕಿದರೆ? ಲೆಕ್ಕ ನೋಡಿ. ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣು ಸುಮಾರು 8 ಲಕ್ಷ ಕಿಲೋ. ಅದರಲ್ಲಿ ಶೇ. 5ರಷ್ಟು ಸುಣ್ಣವಿದ್ದರೆ 40 ಟನ್. 100 ಕಿಲೋ ಸುಣ್ಣಕ್ಕೆ 98 ಕಿಲೋ ಗಂಧಕಾಮ್ಲ ಬೇಕು, ಅಂದರೆ ಎಕರೆಗೆ 39 ಟನ್! ಆಗದ ಮಾತು. ಜಿಪ್ಸಂ ಶೇಂಗಾಕ್ಕೆ ಕ್ಯಾಲ್ಸಿಯಂ, ಗಂಧಕ ಕೊಡುತ್ತದೆ, ನಿಜ. ಈ ಸುಣ್ಣವನ್ನು ಮಾತ್ರ ಕರಗಿಸದು.

ಮಣ್ಣನ್ನು ಬಿಟ್ಟು ಎಲೆಗೇ ಕಬ್ಬಿಣ ಕೊಡುವುದು ಜಾಣತನ. 15 ಲೀಟರಿನ ಪಂಪಿಗೆ 15 ಗ್ರಾಂ ಸಿಟ್ರಿಕ್ ಆಮ್ಲ, 75 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್). ಆಮ್ಲವನ್ನೇ ಮೊದಲು ಕರಗಿಸಬೇಕು. ಅನ್ನಭೇದಿಯನ್ನು ನೇರವಾಗಿ ಸವಳು ಬೋರಿನ ನೀರಿಗೆ ಸುರಿದರೆ ಕಣ್ಣೆದುರೇ ನೀರು ಕಂದಾಗಿ, ನಾಝಲ್‌ನಲ್ಲಿ ತುಕ್ಕು ಕಟ್ಟುತ್ತದೆ. ಸಿಟ್ರಿಕ್ ಆಮ್ಲ ಕ್ಷಾರವನ್ನು ತಗ್ಗಿಸುವುದರ ಜೊತೆಗೆ ಕಬ್ಬಿಣದ ಅಯಾನನ್ನು ಸುತ್ತುವರಿದು ಕರಗಿದಂತೆಯೇ ಇಡುತ್ತದೆ. ಕೊಳ್ಳುವಾಗ ತಿಳಿಹಸಿರು ಹರಳು ನೋಡಿ ತನ್ನಿ. ಕಂದು ಪುಡಿಯಾಗಿದ್ದರೆ ಅದು ಗಾಳಿ ಕುಡಿದು ಫೆರಿಕ್ ಆಗಿದೆ, ದುಡ್ಡು ದಂಡ.

ದ್ರಾವಣ ಅಂದೇ ಮುಗಿಯಲಿ. ಬಿಸಿಲಿನಲ್ಲಿ ಹೊಡೆದರೆ ಎಲೆಯಂಚು ಸುಡುತ್ತದೆ, ಸಂಜೆ ಹೊಡೆಯಿರಿ. ಆಮೇಲೆ ಬರುವ ಕುಡಿಗೆ ಈ ಕಬ್ಬಿಣ ಹೋಗದು, ಆದ್ದರಿಂದ 8–10 ದಿನ ಬಿಟ್ಟು ಇನ್ನೊಮ್ಮೆ ಹೊಡೆಯಬೇಕು.